ಶನಿವಾರ ಬೆದೆ, ಶನಿವಾರ ಡಯಾಲಿಸಿಸ್: ಗೋವಾದ ಎರಡು ಇಲಾಖೆಗಳಿಗೆ ಒಂದೇ ಪತ್ರ

ಗೋವಾ ಸರ್ಕಾರದ ಆರೋಗ್ಯ ಇಲಾಖೆ ಮತ್ತು ಪಶುಸಂಗೋಪನೆ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಒಬ್ಬರು ‘ಇದು ಅವರ ವಿಷಯ’ ಅನ್ನುತ್ತೀರಿ, ಇನ್ನೊಬ್ಬರೂ ಅದನ್ನೇ ಅನ್ನುತ್ತೀರಿ. ಅದಕ್ಕೆ ಕೂಡಿಸಿದೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣ ಇದೆ. ಸಂತೆಯಲ್ಲಿ ಕೊಂಕಣಿ ಆಡುತ್ತೇನೆ, ಮರಾಠಿ ಓದುತ್ತೇನೆ. ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಬೇಕು ಅಂದರೆ ನನಗೆ ಬರುವುದು ಕನ್ನಡವೇ. ನಿಮಗೆ ಕಳಿಸುವ ಪ್ರತಿಯನ್ನು ಮಗಳು ಮರಾಠಿಗೆ ಮಾಡಿಕೊಡುತ್ತಾಳೆ. ಇದನ್ನು ಗೋವಾದ ನಮ್ಮ ಕನ್ನಡದ ಮಂದಿ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಮನೆಯಲ್ಲಿ ಒಬ್ಬರು ರೋಗಿ, ಕೊಟ್ಟಿಗೆಯಲ್ಲಿ ಎರಡು ದನ ಇರುವವಳು ನಾನೊಬ್ಬಳೇ ಅಲ್ಲ ಅಂತ ಗೊತ್ತು.

ನಾವು ಇರುವುದು ಸತ್ತರಿ ತಾಲೂಕಿನಲ್ಲಿ. ಜಮೀನು ಆರು ಸಾವಿರ ಚದರ ಮೀಟರ್. ನನ್ನ ತವರಿನ ಲೆಕ್ಕದಲ್ಲಿ ಒಂದೂವರೆ ಎಕರೆ. ತೆಂಗು, ಅಡಿಕೆ, ನಡುವೆ ಬಾಳೆ, ಬೇಲಿಗೆ ಹೊಂದಿ ಒಂದಿಷ್ಟು ಗೇರು ಮರ. ಇಂಥ ತೋಟಕ್ಕೆ ಇಲ್ಲಿ ಕುಳಾಗರ ಅನ್ನುತ್ತಾರೆ. ಕೊಟ್ಟಿಗೆಯಲ್ಲಿ ನಾಲ್ಕು ಹಸು, ಅದರಲ್ಲಿ ಮೂರು ಸಾಮಾನ್ಯವಾಗಿ ಹಾಲಿನಲ್ಲಿ ಇರುತ್ತವೆ. ತೋಟಕ್ಕೆ ನೀರು ಬರುವ ಹಳ್ಳ ಹೋಗಿ ಸೇರುವುದು ಮಹದಾಯಿಗೆ. ಆ ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದಲ್ಲಿ. ನಾನೂ ಖಾನಾಪುರದವಳೇ. ಅದರ ನೀರಿನ ಜಗಳಕ್ಕೆ ನಾನು ಹೋಗಲ್ಲ. ಎರಡೂ ಕಡೆ ನೆಂಟರಿದ್ದಾರೆ.

ನಮ್ಮ ಮಾವನವರು ಹುಡುಗರಾಗಿದ್ದಾಗ ಚೋರ್ಲಾ ಘಾಟು ಇಳಿದು ಬಂದು ಇಲ್ಲಿನ ಭಾಟಕಾರರ, ಅಂದರೆ ಜಮೀನ್ದಾರರ, ತೋಟದಲ್ಲಿ ಕೂಲಿಗೆ ನಿಂತವರು. ತೆಂಗಿನ ಮರ ಹತ್ತುತ್ತಿದ್ದರು. ಹತ್ತಿ ಹತ್ತಿ ಕೂಡಿಸಿದ ದುಡ್ಡಲ್ಲಿ ಈ ತೋಟ ಕೊಂಡರು. ಫಾರ್ಮ್ ಒಂದು-ಹದಿನಾಲ್ಕರಲ್ಲಿ, ಅಂದರೆ ನಮ್ಮ ಕಡೆ ಪಹಣಿ ಅನ್ನುತ್ತೇವಲ್ಲ ಅದರಲ್ಲಿ, ಅವರ ಹೆಸರಿದೆ. ಆ ಕಾಗದವನ್ನು ಇವತ್ತಿಗೂ ಅವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಈಗ ಅದರ ಜೊತೆ ಡಯಾಲಿಸಿಸ್ ಕಾರ್ಡೂ ಇದೆ.

ನನ್ನ ಯಜಮಾನರು ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದರು. 2012ರಲ್ಲಿ ಗಣಿ ನಿಂತಿತು. ಮತ್ತೆ ಶುರುವಾಗಿ 2018ರಲ್ಲಿ ಇನ್ನೊಮ್ಮೆ ನಿಂತಿತು. ಮೊದಲ ಸಲ ನಿಂತಾಗಲೇ ನಾವು ಹಸು ಕಟ್ಟಿದ್ದು. ಸಾಲದ ಕಂತು ಕಟ್ಟಿದ್ದೂ, ಮಗಳನ್ನು ಓದಿಸಿದ್ದೂ ಹಾಲಿನಿಂದಲೇ. ಯಜಮಾನರು ಈಗ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಹೋದ ದಿನ ಸಂಬಳ, ಹೋಗದ ದಿನ ಇಲ್ಲ.

ಮಾವನವರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷ ಆಯಿತು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಅವರು ಎರಡನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಕೈಗೆ ಫಿಸ್ಟುಲಾ ಮಾಡಿಕೊಟ್ಟರು, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿಕೊಟ್ಟರು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯ ಶಾಲೆ ಅದು. ಅಲ್ಲಿ ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡರು. ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಕಾರ್ಡ್ ಕೂಡ ಇದೆ. 2016ರಿಂದ ನೀವು ಕೊಡುತ್ತಿರುವ ಕಾರ್ಡು. ಗೋವಾದಲ್ಲಿ 5 ವರ್ಷ ಇದ್ದವರಿಗೆ ಸಿಗುತ್ತದೆ. ಮನೆಯಲ್ಲಿ ಮೂವರೊಳಗಿದ್ದರೆ ವರ್ಷಕ್ಕೆ ಎರಡೂವರೆ ಲಕ್ಷ, ನಾಲ್ವರು ಮತ್ತು ಮೇಲ್ಪಟ್ಟರೆ 4 ಲಕ್ಷ. ಡಯಾಲಿಸಿಸ್‌ಗೆ ನಾವು ದುಡ್ಡು ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಘಾಟಿನ ಮೇಲಿರುವ ನನ್ನ ನೆಂಟರು ಇದೇ ಕಾಯಿಲೆಗೆ ಹೊಲ ಮಾರಿದ್ದನ್ನು ನೋಡಿದ್ದೇನೆ. ‘ದೇವ ಬರೆಂ ಕರೂಂ’, ದೇವರು ಒಳ್ಳೆಯದು ಮಾಡಲಿ, ಅಂತ ಇಲ್ಲಿನವರು ಅನ್ನುವಂತೆ ನಾನೂ ಅನ್ನುತ್ತೇನೆ.

ಹಾಗಾದರೆ ದೂರು ಏನು? ದುಡ್ಡಿನದಲ್ಲ ಸಾಹೇಬರೇ, ಹೊತ್ತಿನದು.

ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ನಮಗೆ ಸಿಕ್ಕಿರುವುದು ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ 7ರ ಪಾಳಿ. ಕೇಂದ್ರ ನಮ್ಮ ಮನೆಯಿಂದ 32 ಕಿಲೋಮೀಟರ್. ಮನೆಯಿಂದ ಕಾಲು ಕಮ್ಮಿ ಆರಕ್ಕೆ ಹೊರಡಬೇಕು. ಹಾಲಿನ ಸೊಸೈಟಿ ಬಾಗಿಲು ತೆಗೆಯುವುದು 6 ಗಂಟೆಗೆ. ಹಾಗಾಗಿ ಆ ಮೂರು ದಿನ ನಾನು ಮೂರೂವರೆಗೆ ಕೊಟ್ಟಿಗೆಗೆ ಹೋಗುತ್ತೇನೆ. ಉಳಿದ ದಿನ ಐದೂ ಕಾಲಿಗೆ. ಹಸುವಿಗೆ ಇದು ಅರ್ಥ ಆಗುವುದಿಲ್ಲ. ಸಂಜೆ ಐದಕ್ಕೆ ಹಿಂಡಿಸಿಕೊಂಡ ದನ ಮೂರೂವರೆಗೆ ಎಬ್ಬಿಸಿದರೆ ಸೊರ ಬಿಡುವುದಿಲ್ಲ. ಒಂದು ಲೀಟರ್ ಕಮ್ಮಿ. ಮೂರು ಹಸು, ಮೂರು ಲೀಟರ್. ಹಿಂಡಿದ ಹಾಲಿನ ಕ್ಯಾನ್ ಪಕ್ಕದ ಮನೆ ಹುಡುಗ ಕೊಂಡೊಯ್ಯುತ್ತಾನೆ. ಅವನು ನಿದ್ದೆ ಹೋದರೆ ಆ ದಿನದ ಹಾಲು ನಮ್ಮ ಮನೆಯಲ್ಲೇ ಮೊಸರು.

ಮಧ್ಯಾಹ್ನದ ಪಾಳಿ ಕೇಳಬಹುದಿತ್ತಲ್ಲ ಅಂತೀರಿ. ಮೊದಲ ಆರು ತಿಂಗಳು ಅದೇ ಇತ್ತು. 12ಕ್ಕೆ ಹಾಕಿ 4ಕ್ಕೆ ತೆಗೆಯುತ್ತಾರೆ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಕೂರಬೇಕು. ಬಿಪಿ ಇಳಿದು ತಲೆ ತಿರುಗಿದರೆ ಇನ್ನರ್ಧ ಗಂಟೆ. ಮನೆ ಮುಟ್ಟುವಷ್ಟರಲ್ಲಿ ಸಂಜೆಯ ಸೊಸೈಟಿ ಮುಚ್ಚಿರುತ್ತಿತ್ತು. ಹಸುಗಳು ಕೊಟ್ಟಿಗೆಯಲ್ಲಿ ಕೂಗಿ ಕೂಗಿ ಊರಿಗೇ ಕೇಳುತ್ತಿತ್ತು. ಬೆಳಗಿನ ಪಾಳಿ ನಾನೇ ಕೇಳಿ ಪಡೆದದ್ದು. ಅದೂ ಸರಿಹೋಗಲಿಲ್ಲ. 9 ಗಂಟೆಗೆ ಶುರುವಾಗುವ ಪಾಳಿ ಒಂದಿದ್ದರೆ ನಮ್ಮಂಥವರಿಗೆ ಎರಡೂ ಹಾಲು ಸಿಗುತ್ತಿತ್ತು. ಆದರೆ ಮಷೀನು ಒಂದು ನಿಮಿಷ ಖಾಲಿ ಇರಬಾರದು ಅನ್ನುವ ಲೆಕ್ಕ ಅವರದು. ಅದೂ ತಪ್ಪಲ್ಲ. ಸಾಲಿನಲ್ಲಿ ನಿಂತವರು ಬಹಳ ಜನ.

ಜೊತೆಗೆ ಒಬ್ಬರು ಇರಲೇಬೇಕು. ಒಂದು ಸಲ ವಾಪಸ್ ಬರುವಾಗ ವ್ಯಾನಿನಲ್ಲೇ ಮಾವನವರ ಕಣ್ಣು ಮೇಲಾಯಿತು. ಆಮೇಲೆ ಒಬ್ಬರನ್ನೇ ಕಳಿಸುವ ಧೈರ್ಯ ನಮಗಿಲ್ಲ. ಯಜಮಾನರು ಹೋದರೆ ಸಂಬಳ ಹೋಗುತ್ತದೆ. ಅತ್ತೆಗೆ ಮೊಣಕಾಲು, ಕಣ್ಣಿನಲ್ಲಿ ಪೊರೆ. ಉಳಿದದ್ದು ನಾನು. ಮಗಳು ಹನ್ನೆರಡನೇ ಕ್ಲಾಸು. ಆ ಮೂರು ದಿನ ಸಗಣಿ ಬಾಚಿ, ಮೇವು ಹಾಕಿ, ಕರುವಿಗೆ ಕುಡಿಸಿ ಅವಳು ಕಾಲೇಜಿಗೆ ಹೋಗುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿರುತ್ತದೆ. ಮೊದಲ ಪಿರಿಯಡ್ ಗಣಿತ. ಅವಳೇನೂ ಅನ್ನುವುದಿಲ್ಲ. ಅದೇ ನನಗೆ ಜಾಸ್ತಿ ಚುಚ್ಚುತ್ತದೆ.

ಈಗ ಬೆದೆಯ ವಿಷಯ. ಪಶುಸಂಗೋಪನೆಯವರಿಗೆ ಇದು ತಟ್ಟನೆ ಹೊಳೆಯುತ್ತದೆ. ಆರೋಗ್ಯ ಇಲಾಖೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅಂದರೆ ಗಬ್ಬ ಕಟ್ಟಲು ತಯಾರಾಗುತ್ತದೆ. ಆ ಬೆದೆ ಇರುವುದು ಅರ್ಧ ದಿನ, ಜಾಸ್ತಿ ಅಂದರೆ ಮುಕ್ಕಾಲು ದಿನ. ಬೆಳಿಗ್ಗೆ ಕಂಡರೆ ಸಂಜೆ ಗಬ್ಬದ ಸೂಜಿ ಹಾಕಿಸಬೇಕು. ಕಾಣದೆ ಹೋದರೆ ಇನ್ನೊಂದು 21 ದಿನ ಕಾಯಬೇಕು. ಗಬ್ಬ ನಿಲ್ಲದ ಹಸು ಹಾಲು ಇಳಿಸುತ್ತಾ ಹೋಗುತ್ತದೆ, ಹಿಂಡಿ ಮಾತ್ರ ಅಷ್ಟೇ ತಿನ್ನುತ್ತದೆ. ಈ 21 ಅಂದರೆ ಏನು? ಸರಿಯಾಗಿ ಮೂರು ವಾರ. ಒಂದು ಸಲ ಶನಿವಾರ ಬೆದೆಗೆ ಬಂದ ಹಸು ಮುಂದಿನ ಸಲವೂ ಶನಿವಾರವೇ ಬರುತ್ತದೆ, ಒಂದು ದಿನ ಹಿಂದೆ ಮುಂದೆ ಆಗಬಹುದು.

ನಮ್ಮ ಗೌರಿ ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಶನಿವಾರ ಬೆದೆಗೆ ಬಂದಿದ್ದಳು. ನಾನು ಕೇಂದ್ರದ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮನೆಗೆ ಬಂದಾಗ ಒಂದೂವರೆ. ಮಾವನವರನ್ನು ಮಲಗಿಸಿ ನಾನೂ ಅಲ್ಲೇ ಒರಗಿದೆ. ಸೋಮವಾರ ಅವಳ ಬಾಲಕ್ಕೆ ರಕ್ತದ ಕಲೆ ಕಂಡಾಗಲೇ ಗೊತ್ತಾದದ್ದು, ಬೆದೆ ಬಂದು ಹೋಗಿದೆ ಅಂತ. ಮೂರು ವಾರ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಿಟ್ಟೆ. ಆ ಶನಿವಾರ ಮಾವನವರಿಗೆ ಕೇಂದ್ರದಲ್ಲಿ ಚಳಿ ಜ್ವರ ಬಂದು ನಾವು ವಾಪಸ್ ಬಂದದ್ದೇ ರಾತ್ರಿ. ಎರಡನೆಯದೂ ಹೋಯಿತು. ಮೂರನೇ ಸಲ ಜೂನ್ 8ಕ್ಕೆ, ಮಗಳು ರಜೆಯಲ್ಲಿ ಮನೆಯಲ್ಲಿದ್ದಳು, ಅವಳೇ ನೋಡಿ ಫೋನ್ ಮಾಡಿದಳು. ಸಂಜೆ ಪಶುವೈದ್ಯರು ಬಂದರು. 42 ದಿನ ಹೋಗಿತ್ತು. ಈ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಬರುವುದಿಲ್ಲ. ನಿಮ್ಮ ಕಾರ್ಡು ಅದನ್ನು ಕೊಡುವುದೂ ಇಲ್ಲ.

ಅಂದಹಾಗೆ, ಪಶುವೈದ್ಯರು ಕೊಟ್ಟಿಗೆಗೇ ಬರುತ್ತಾರೆ. ಅದನ್ನು ನೋಡಿ ಮಾವನವರು ಒಂದು ದಿನ ಅಂದರು, ‘ನಾನೂ ಒಂದ್ ಆಕಳಾಗಿ ಹುಟ್ಟಿದ್ರ ಚಲೋ ಇತ್ತು ನೋಡವಾ, ಡಾಕ್ಟರ್ರು ಮನೀಗೇ ಬರತಿದ್ರು.’

ನಕ್ಕೆವು. ಆದರೆ ಮನೆಯಲ್ಲೇ ಮಾಡುವ ಡಯಾಲಿಸಿಸ್ ಇದೆಯಂತಲ್ಲ. ಹೊಟ್ಟೆಗೆ ನಳಿಕೆ ಹಾಕಿ, ದಿನಕ್ಕೆ ಮೂರು-ನಾಲ್ಕು ಸಲ ಎರಡು ಲೀಟರಿನ ಚೀಲದ ದ್ರಾವಣ ಬಿಟ್ಟು ತೆಗೆಯುವುದು. ಒಬ್ಬ ವೈದ್ಯರು ನಮಗೆ ಅದನ್ನು ಹೇಳಿದರು. ಹೇಳಿದವರೇ ಕೊಟ್ಟಿಗೆ ಇರುವ ಮನೆ ಅಂತ ಕೇಳಿ ಹಿಂದೆ ಸರಿದರು. ಸೋಂಕು ತಗುಲಿದರೆ ಹೊಟ್ಟೆಯ ಪೊರೆಗೇ ಕಷ್ಟ, ನಿಜ. ಆದರೆ ನಮ್ಮ ಕೊಟ್ಟಿಗೆ ಮನೆಯಿಂದ 40 ಹೆಜ್ಜೆ ದೂರ. ಒಂದು ಕೋಣೆಗೆ ಟೈಲ್ಸ್ ಹಾಕಿಸಬಹುದು. ಕೈ ತೊಳೆಯುವುದು ನಮಗೆ ಬರುತ್ತದೆ. ಕೆಚ್ಚಲು ತೊಳೆಯದೆ ಹಾಲು ಹಿಂಡಿದವರಲ್ಲ ನಾವು. ಯಾರಾದರೂ ಒಬ್ಬ ನರ್ಸ್ ಬಂದು ಮನೆ ನೋಡಿ ಆಗುತ್ತೆ, ಆಗಲ್ಲ ಅಂತ ಹೇಳಿದ್ದರೆ ಸಾಕಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಊಟದ ವಿಷಯ ಬರೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಡಯಾಲಿಸಿಸ್ ಆಗುವವರು ಏನು ತಿನ್ನಬಾರದು ಅಂತ ಒಂದು ಹಾಳೆ ಕೊಟ್ಟರು. ಎಳನೀರು, ಬಾಳೆಹಣ್ಣು, ಹಲಸು, ಮಾವು, ಸೊಪ್ಪು. ಹಾಲು, ಮೊಸರು ಸ್ವಲ್ಪವೇ. ಓದುತ್ತಾ ಹೋದೆ. ಅದು ನಮ್ಮ ತೋಟದ ಲೆಕ್ಕಪುಸ್ತಕದ ಹಾಗೇ ಇತ್ತು. ಕೆಟ್ಟ ಕಿಡ್ನಿ ಪೊಟ್ಯಾಷಿಯಂ ಹೊರಗೆ ಹಾಕುವುದಿಲ್ಲ. ಅದು ರಕ್ತದಲ್ಲಿ ಏರಿದರೆ ಎದೆಬಡಿತವೇ ನಿಂತುಹೋಗಬಹುದು. ಹಾಲಿನಲ್ಲಿರುವ ರಂಜಕ ಮೂಳೆಗೆ ಕೆಟ್ಟದ್ದು. ಇದೆಲ್ಲ ನನಗೆ ಈಗ ಬಾಯಿಪಾಠ. ತರಕಾರಿ ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಬಸಿದು ಆಮೇಲೆ ಪಲ್ಯ. ಬಸಿದ ನೀರು ಗೌರಿಯ ಬಾನಿಗೆ. ದಿನಕ್ಕೆ ಒಂದು ಲೀಟರ್ ನೀರು, ಚಹಾ, ಸಾರು, ಗುಳಿಗೆಯ ನೀರು ಎಲ್ಲ ಸೇರಿ. ಬೆಳಿಗ್ಗೆ ಒಂದು ಬಾಟಲಿ ತುಂಬಿಡುತ್ತೇನೆ. ಅವರು ಚಹಾ ಕುಡಿದರೆ ಅಷ್ಟು ನೀರು ಅದರಿಂದ ಚೆಲ್ಲುತ್ತೇನೆ. ಸಂಜೆಯ ಹೊತ್ತಿಗೆ ಬಾಟಲಿಯನ್ನು ಅವರು ನೋಡುವ ನೋಟ ನನಗೆ ನೋಡಲಾಗುವುದಿಲ್ಲ.

ಜೀವಮಾನ ಪೂರ್ತಿ ತೆಂಗಿನ ಮರ ಹತ್ತಿದ ಮನುಷ್ಯ. ಕೆಳಗೆ ನಿಂತೇ ಯಾವ ಗೊನೆಯಲ್ಲಿ ಗಂಜಿ ಕಟ್ಟಿದೆ, ಯಾವುದರಲ್ಲಿ ಬರೀ ನೀರು ಅಂತ ಹೇಳುತ್ತಾರೆ. ಹೋದ ಮೇ ತಿಂಗಳಲ್ಲಿ ಕಾಯಿ ಕೀಳಲು ಪಾಡೇಲಿ ಬಂದಿದ್ದ. ನಾನು ಅಡಿಕೆ ಸಿಪ್ಪೆ ರಾಶಿ ಹಾಕುತ್ತಿದ್ದೆ. ಮಾವನವರು ಅವನ ಹತ್ತಿರ ಹೋಗಿ ಮೆಲ್ಲಗೆ ಒಂದು ಎಳನೀರು ಕೆತ್ತಿಸಿಕೊಂಡು ಕುಡಿದಿದ್ದಾರೆ. ಅದು ಭಾನುವಾರ. ಮುಂದಿನ ಡಯಾಲಿಸಿಸ್ ಮಂಗಳವಾರ. ವಾರದಲ್ಲಿ ಉದ್ದದ ಬಿಡುವು ಅದು, ಅಪಾಯವೂ ಆಗಲೇ ಜಾಸ್ತಿ. ಸೋಮವಾರ ಬೆಳಿಗ್ಗೆ ಕಾಲು ಎತ್ತಲಾಗಲಿಲ್ಲ. ಇಸಿಜಿ ನೋಡಿ ಡಾಕ್ಟರು ಓಡಾಡಿದ್ದು ನೋಡಿದೆ. ತುರ್ತಾಗಿ ಮಷೀನಿಗೆ ಹಾಕಿದರು, ಉಳಿದರು. ಬೈಯಬೇಕು ಅಂದುಕೊಂಡೇ ಹತ್ತಿರ ಹೋದೆ. ‘ಒಂದಽ ಗುಟುಕು ಅಂದಕೊಂಡೆ ಯವ್ವಾ, ಬಾಯಿ ಕೇಳಲಿಲ್ಲ’ ಅಂದರು. ಬೈಯಲಿಲ್ಲ.

ಇಷ್ಟರ ಮೇಲೆ ನನಗೇ ಜ್ವರ ಬಂದರೆ? ಬಂತು. ಅದು ಗೇರು ಆರಿಸುವ ಕಾಲ. ನಮ್ಮ ತಾಲೂಕಿನಲ್ಲಿ ಆ ಕಾಲದ ಜ್ವರ ಅಂದರೆ ಎಲ್ಲರಿಗೂ ಒಂದೇ ಹೆದರಿಕೆ. 2015ರಲ್ಲಿ ಇದೇ ಸತ್ತರಿಯ ಪಾಲಿ ಊರಲ್ಲಿ ಮಂಗನ ಕಾಯಿಲೆ ಕಾಣಿಸಿತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಕಾಯಿಲೆ. ಕಾಡಿನ ಉಣ್ಣೆಯಿಂದ ಬರುತ್ತದೆ. ಗೇರು ಆರಿಸಲು ಕಾಡಂಚಿಗೆ ಹೋಗುವವರಿಗೇ ಜಾಸ್ತಿ. ಇಲ್ಲಿನವರು ಅದರ ಇಂಗ್ಲಿಷ್ ಹೆಸರು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಹೇಳುವಾಗೆಲ್ಲ ನಮ್ಮ ಮಲೆನಾಡಿನ ಒಂದು ಊರನ್ನೇ ಕರೆಯುತ್ತಿದ್ದಾರೆ ಅನ್ನಿಸುತ್ತದೆ. ನನ್ನ ರಕ್ತ ಪರೀಕ್ಷೆಯಲ್ಲಿ ಅದಲ್ಲ ಅಂತ ಬಂತು. ಆದರೂ ಐದು ದಿನ ಮೇಲೆ ಏಳಲಿಲ್ಲ.

ಆ ಐದು ದಿನದಲ್ಲಿ ಎರಡು ಡಯಾಲಿಸಿಸ್ ಬಂದವು. ಖಾನಾಪುರದಿಂದ ನನ್ನ ತಮ್ಮ ಬಂದ. ಅವನು ಮಾವನವರ ಜೊತೆ ಹೋದ. ಹಾಲು ಹಿಂಡಲು ಊರೆಲ್ಲ ಹುಡುಕಿದೆವು. ತೆಂಗು ಕೀಳಲು ಆಳು ಸಿಗುತ್ತಾರೆ, ಕಳೆ ತೆಗೆಯಲು ಸಿಗುತ್ತಾರೆ. ಬೇರೆಯವರ ಹಸು ಹಿಂಡಲು ಯಾರೂ ಸಿಗುವುದಿಲ್ಲ. ಹಿಂಡುವುದು ಬಂದವರಿಗೆ ಅದೇ ಹೊತ್ತಿಗೆ ತಮ್ಮ ಹಸು ಇರುತ್ತದೆ. ಕೊನೆಗೆ ಮಗಳು, ಅತ್ತೆ ಸೇರಿ ಹೇಗೋ ಹಿಂಡಿದರು. ತುಂಗಿ ಅನ್ನುವ ಹಸು ಅತ್ತೆಗೆ ಒದ್ದಿತು. ಅವಳ ಕೆಚ್ಚಲಲ್ಲಿ ಹಾಲು ಉಳಿಯಿತು. ನಾನು ಎದ್ದು ಹೋಗುವಷ್ಟರಲ್ಲಿ ಕೆಚ್ಚಲು ಬಾವು. ಮುಟ್ಟಿದರೆ ಕಲ್ಲು, ಹಾಲಲ್ಲಿ ಗಡ್ಡೆ. ಸೂಜಿ ಕೊಡಿಸಿದೆವು. ಸೂಜಿಯ ದಿನಗಳ ಹಾಲು ಸೊಸೈಟಿಗೆ ಹಾಕುವಂತಿಲ್ಲ, ಚೆಲ್ಲಿದೆವು. ಒಂದು ಮೊಲೆ ಬತ್ತಿಯೇ ಹೋಯಿತು. ಮೂರು ಮೊಲೆಯ ಹಸುವನ್ನು ಕೊಳ್ಳುವವರೂ ಇಲ್ಲ.

‘ಹಸು ಮಾರಿಬಿಡಿ’ ಅಂತ ಎಲ್ಲರೂ ಹೇಳುತ್ತಾರೆ. ಡಾಕ್ಟರು ಹೇಳಿದರು, ನಾದಿನಿ ಹೇಳಿದಳು, ಕೇಂದ್ರದಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಮಡಗಾವಿನ ಹೆಂಗಸೂ ಹೇಳಿದರು. ನಾನು ಲೆಕ್ಕ ಹಾಕದೆ ಇಲ್ಲ. ಒಂದು ಸಲ ಹೋಗಿ ಬರಲು ವ್ಯಾನಿಗೆ 700 ರೂಪಾಯಿ. ಬೆಳಗಿನ ಆ ಹೊತ್ತಿಗೆ ನಮ್ಮ ಕಡೆಯಿಂದ ಕದಂಬ, ಅಂದರೆ ಇಲ್ಲಿನ ಸರ್ಕಾರಿ, ಬಸ್ಸಿಲ್ಲ. ಇದ್ದರೂ ವಾಪಸ್ ಬರುವಾಗ ಅವರು ನಿಲ್ಲುವ ಸ್ಥಿತಿಯಲ್ಲಿ ಇರುವುದಿಲ್ಲ. ವಾರಕ್ಕೆ ಮೂರು ಅಂದರೆ ವರ್ಷಕ್ಕೆ 156 ಸಲ. ತಿಂಗಳಿಗೆ 9 ಸಾವಿರ ದಾಟುತ್ತದೆ. ನಿಮ್ಮ ಡಯಾಲಿಸಿಸ್ ಪುಕ್ಕಟೆ, ಅಲ್ಲಿಗೆ ಮುಟ್ಟುವುದು ಪುಕ್ಕಟೆ ಅಲ್ಲ. ಆ 9 ಸಾವಿರ ಎಲ್ಲಿಂದ ಬರುತ್ತದೆ? ಹಾಲಿನಿಂದ. ಹಸು ಮಾರಿದರೆ ಮಾವನವರನ್ನು ಕರೆದೊಯ್ಯಲು ನನಗೆ ಹೊತ್ತು ಇರುತ್ತದೆ, ವ್ಯಾನಿಗೆ ದುಡ್ಡು ಇರುವುದಿಲ್ಲ.

ಇನ್ನು ನನ್ನ ಬೆನ್ನು. ಎರಡು ವರ್ಷದಿಂದ ನೋವು. ತೋರಿಸಿದೆ. ‘ಹದಿನೈದು ದಿನ ಭಾರ ಎತ್ತಬೇಡಿ, ಬಗ್ಗಬೇಡಿ’ ಅಂದರು. ಚೀಟಿಯನ್ನು ಗೌರಿಗೆ ತೋರಿಸಬೇಕಿತ್ತು.

ನನಗೆ ಬೇಕಾಗಿರುವುದು ಒಂದೇ. ಬದಲಿ ಕೈ.

ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಫಿನ್‌ಲೆಂಡ್ ಅನ್ನುವ ದೇಶದಲ್ಲಿ ದನ ಸಾಕುವ ರೈತರಿಗೆ ವರ್ಷಕ್ಕೆ 26 ದಿನ ರಜೆ ಇದೆಯಂತೆ, ಕಾನೂನಿನಲ್ಲೇ. ಆ ದಿನಗಳಲ್ಲಿ ಹಾಲು ಹಿಂಡಲು ಬದಲಿ ಕೆಲಸದವರು ಬರುತ್ತಾರೆ. ರೈತ ಕಾಯಿಲೆ ಬಿದ್ದರೆ ಅದಕ್ಕೆ ಬೇರೆಯೇ ಬದಲಿ ವ್ಯವಸ್ಥೆ. ಕೇಳಿ ನಾನು ನಂಬಲಿಲ್ಲ, ಎರಡು ಸಲ ಓದಿಸಿದೆ. ಅವರದು ಶ್ರೀಮಂತ ದೇಶ, ನಮಗೆ ರಜೆ ಬೇಡ. ದೇವರಾಣೆ, ರಜೆ ಕೊಟ್ಟರೆ ಏನು ಮಾಡಬೇಕು ಅಂತ ನನಗೆ ಗೊತ್ತೂ ಆಗುವುದಿಲ್ಲ. ಆ ಬದಲಿ ಆಳಿನ ಉಪಾಯ ಮಾತ್ರ ನಮಗೆ ಆಗುತ್ತದೆ.

ಹೇಗೆ ಅಂದರೆ, ಪ್ರತಿ ಹಾಲಿನ ಸೊಸೈಟಿಗೆ ಇಬ್ಬರು. ಊರಿನವರೇ. ನಮ್ಮ ಸುತ್ತ ಹಸು ಮಾರಿ ಕೂತಿರುವ ಹೆಂಗಸರು ಇದ್ದಾರೆ, ಗಣಿ ನಿಂತ ಮೇಲೆ ಕೆಲಸ ಸಿಗದ ಗಂಡಸರೂ ಇದ್ದಾರೆ. ಅವರಿಗೆ ನೀವು, ಅಂದರೆ ಪಶುಸಂಗೋಪನೆಯವರು, ಒಂದು ವಾರ ತರಬೇತಿ ಕೊಡಿ. ಹಿಂಡುವುದು ಅವರಿಗೆ ಬರುತ್ತದೆ. ಕೆಚ್ಚಲು ಬಾವು ಮೊದಲೇ ಗುರುತಿಸುವುದು, ಬೆದೆ ಗುರುತಿಸುವುದು ಕಲಿಸಿ. ಮನೆಯಲ್ಲಿ ಡಯಾಲಿಸಿಸ್, ಕೀಮೋ, ಆಪರೇಷನ್, ಹೆರಿಗೆ ಇದ್ದ ದಿನ ಸೊಸೈಟಿಯ ಸದಸ್ಯರು ಹಿಂದಿನ ದಿನವೇ ಹೇಳಿದರೆ ಅವರು ಬಂದು ಹಿಂಡಿ, ಹಾಲು ಮುಟ್ಟಿಸಬೇಕು. ಸುಳ್ಳು ಹೇಳುತ್ತಾರೆ ಅನ್ನುವ ಭಯ ಬೇಡ. ಡಯಾಲಿಸಿಸ್ ಕಾರ್ಡಿನಲ್ಲಿ ದಿನಾಂಕ, ಸಹಿ ಎರಡೂ ಇರುತ್ತವೆ. ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ಆ ದಿನದ ಹಾಲೂ ಇರುತ್ತದೆ. ಆರೋಗ್ಯ ಇಲಾಖೆಯದು ಒಂದು ಕಾಗದ, ಪಶುಸಂಗೋಪನೆಯದು ಒಂದು ಕಾಗದ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವವರು ಇವತ್ತಿನವರೆಗೆ ಯಾರೂ ಇಲ್ಲ, ನನ್ನನ್ನು ಬಿಟ್ಟು.

ಖರ್ಚು? ಒಂದು ಹೊತ್ತಿಗೆ 150 ರೂಪಾಯಿ ಅಂತ ಇಟ್ಟುಕೊಳ್ಳಿ. 156 ದಿನಕ್ಕೆ 23,400 ರೂಪಾಯಿ. ಅದರಲ್ಲಿ ಕಾಲು ಭಾಗ ನನ್ನ ಹಾಲಿನ ಬಿಲ್ಲಿನಲ್ಲಿ ಮುರಿದುಕೊಳ್ಳಿ, ನನಗೆ ಬೇಜಾರಿಲ್ಲ. ಹಸು ಕೊಳ್ಳಲು ಕಾಮಧೇನು ಯೋಜನೆಯಲ್ಲಿ ಸಬ್ಸಿಡಿ ಕೊಡುತ್ತೀರಿ. ಕೊಂಡ ಹಸುವನ್ನು ಉಳಿಸಿಕೊಳ್ಳಲು ಇಷ್ಟು ಸಾಕು.

ಹಾಗೇ, ಡಯಾಲಿಸಿಸ್ ಪಾಳಿ ಹಂಚುವಾಗ ‘ಮನೆ ಎಷ್ಟು ದೂರ, ಮನೆಯಲ್ಲಿ ದನ ಇದೆಯಾ’ ಅಂತ ಒಂದು ಪ್ರಶ್ನೆ ಅರ್ಜಿಯಲ್ಲಿ ಸೇರಿಸಿ. ಈಗ ಕೇಳುವುದು ಹೆಸರು, ವಯಸ್ಸು, ಎಷ್ಟು ವರ್ಷದಿಂದ ಗೋವಾದಲ್ಲಿ ಇದ್ದೀರಿ. ಈ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನಮ್ಮವರಿಗೆ ಅಭ್ಯಾಸವಾಗಿದೆ. ಸ್ವಾಸ್ಥ್ಯ ಕಾರ್ಡಿಗೆ 5 ವರ್ಷ, ಗೃಹಿಣಿಯರಿಗೆ ತಿಂಗಳಿಗೊಮ್ಮೆ ದುಡ್ಡು ಕೊಡುವ ಗೃಹ ಆಧಾರಕ್ಕೆ 15 ವರ್ಷ, ಹಿರಿಯರ ಪಿಂಚಣಿಗೂ 15. ಮಾವನವರು ಬಂದು 50 ವರ್ಷದ ಹತ್ತಿರ ಆಯಿತು. ಆದರೂ ಪ್ರತಿ ಕೌಂಟರಿನಲ್ಲಿ ಹೆಸರು ಕೇಳಿದ ಮೇಲೆ ಒಂದು ಕ್ಷಣ ತಲೆ ಎತ್ತಿ ನೋಡುತ್ತಾರೆ. ಇರಲಿ, ಈ ಪತ್ರ ಅದಕ್ಕಲ್ಲ.

ಇಲ್ಲಿನ ಕನ್ನಡದ ಮಂದಿಗೆ ಒಂದು ಮಾತು. ನಮ್ಮ ಸಂಘಗಳು ರಾಜ್ಯೋತ್ಸವ ಚೆನ್ನಾಗಿ ಮಾಡುತ್ತವೆ, ನಾನೂ ಬಂದು ಉಪ್ಪಿಟ್ಟು ತಿಂದಿದ್ದೇನೆ. ವಾಸ್ಕೋ, ಪಣಜಿಯಲ್ಲಿ ಇರುವವರಿಗೆ ಸತ್ತರಿ, ಸಾಂಗೆ, ಧಾರಬಾಂದೋಡಾದ ಒಳಗಿನ ತೋಟಗಳಲ್ಲಿ ನಮ್ಮವರು ಇದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಯ ಹತ್ತಿರ ಇದ್ದರೆ, ವಾರಕ್ಕೆ ಒಂದು ದಿನ ಮಾವನವರ ಪಕ್ಕ ನಾಲ್ಕು ಗಂಟೆ ಕೂರಲು ಆಗುತ್ತದೆಯೇ? ಅವರಿಗೆ ಮಾತು ಬೇಕು. ಘಾಟು ಇಳಿದ ಕಥೆಯನ್ನು ನಾನು ಬಹಳ ಸಲ ಕೇಳಿದ್ದೇನೆ, ನೀವು ಕೇಳಿಲ್ಲ.

ಮತ್ತೆ ಸಾಹೇಬರಿಗೆ. ಜೂನ್ 8ರ ಶನಿವಾರ ಗೌರಿಗೆ ಸೂಜಿ ಹಾಕಿಸಿದ್ದು ಅಂದೆನಲ್ಲ, ಗಬ್ಬ ನಿಂತಿದೆ. ಹಸು ಈಯುವುದು 280 ದಿನಕ್ಕೆ. ಮೊನ್ನೆ ರಾತ್ರಿ ಮಗಳು ಲೆಕ್ಕ ಹಾಕಿದಳು. 280 ಅಂದರೆ ಸರಿಯಾಗಿ 40 ವಾರ. ಮಾರ್ಚ್ 15 ಬರುತ್ತದೆ, ಶನಿವಾರ. ಗೌರಿಗೆ ಹೋದ ಸಲ ಕರು ಅಡ್ಡ ಬಂದಿತ್ತು, ಎಳೆಯಬೇಕಾಯಿತು. ಮಗಳಿಗೆ ಆಗ ಪರೀಕ್ಷೆಯ ದಿನಗಳು. ಯಜಮಾನರು ಆ ದಿನ ಪಾಳಿ ಬಿಡುತ್ತೇನೆ ಅಂದಿದ್ದಾರೆ. ಮಾವನವರು ‘ಆ ಶನಿವಾರ ನಾ ಹೋಗಂಗಿಲ್ಲ, ಆಕಿ ಹತ್ರ ಇರತೀನಿ’ ಅನ್ನುತ್ತಿದ್ದಾರೆ. ಶನಿವಾರ ತಪ್ಪಿದರೆ ಮಂಗಳವಾರದವರೆಗೆ ಮಷೀನಿಲ್ಲ. ಅಷ್ಟರೊಳಗೆ ನಿಮ್ಮ ಎರಡರಲ್ಲಿ ಯಾವುದಾದರೂ ಒಂದು ಕಚೇರಿಯಿಂದ ಉತ್ತರ ಬಂದರೆ ಅವರಿಗೆ ಓದಿ ಹೇಳುತ್ತೇನೆ.

ಇಂತಿ,
ಸತ್ತರಿ ತಾಲೂಕಿನ ಒಬ್ಬ ಹಾಲಿನ ಸೊಸೈಟಿ ಸದಸ್ಯೆ